ತವರಿನಲ್ಲಿ ಅವ್ವನಿಲ್ಲ, ಚೊಚ್ಚಲ ಹೆರಿಗೆಗೆ ಮೂರು ವಾರ ಉಳಿದಿದೆ: ಜೊತೆಗೆ ಯಾರಿರಬೇಕು?

ಜಗಳೂರಿನ ಮಗಳು

ಎಲ್ಲರಿಗೂ ನಮಸ್ಕಾರ. ನನಗೀಗ ಮೂವತ್ತೇಳನೆಯ ವಾರ ನಡೆಯುತ್ತಿದೆ, ಚೊಚ್ಚಲ ಬಸುರಿ. ತವರು ಜಗಳೂರು ಕಡೆಯ ಒಂದು ಹಳ್ಳಿ. ಮದುವೆಯಾಗಿ ಬಂದದ್ದು ದಾವಣಗೆರೆಯ ನಿಟುವಳ್ಳಿಗೆ. ಅವ್ವ ತೀರಿಕೊಂಡು ಆರು ವರ್ಷವಾಯಿತು. ಊರಿನಲ್ಲಿ ಇರುವುದು ಅಪ್ಪ ಮತ್ತು ತಮ್ಮ ಮಾತ್ರ. ಏಳು ತಿಂಗಳಿಗೆ ಕುಪ್ಪಸ ಮಾಡಿದ ದಿನ ಅಪ್ಪ ಹಸಿರು ಸೀರೆ, ಹಸಿರು ಬಳೆ ತಂದುಕೊಟ್ಟು ಬಾಗಿಲ ಬಳಿಯೇ ನಿಂತುಬಿಟ್ಟರು. ಉಡಿ ತುಂಬುವಾಗ ಒಳಗೆ ಬರಲಿಲ್ಲ. ಬಂದಿದ್ದರೆ ಅಳುತ್ತಿದ್ದರು ಎಂದು ನನಗೆ ಗೊತ್ತಿತ್ತು, ಅದಕ್ಕೇ ನಾನೂ ಕರೆಯಲಿಲ್ಲ.

ಈಗಿನ ಮಾತು ಬಾಣಂತನದ್ದು. "ನಾನೇ ಮಾಡುತ್ತೇನೆ, ಯಾರೂ ಚಿಂತೆ ಮಾಡಬೇಡಿ" ಎಂದು ಅತ್ತೆ ಹೇಳುತ್ತಿದ್ದಾರೆ. ಅವರು ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತು ವರ್ಷ ಒಲೆಯ ಮುಂದೆ ದುಡಿದವರು. ಮಾತು ಕಡಿಮೆ, ಮನಸ್ಸು ದೊಡ್ಡದು. ಆದರೆ ಬಂಧುಗಳು ಬಿಡುತ್ತಿಲ್ಲ. ಚೊಚ್ಚಲ ಬಾಣಂತನ ತವರಿನದು, ಗಂಡನ ಮನೆಯಲ್ಲಿ ಮಾಡಿಸಿಕೊಂಡರೆ ನಿಮ್ಮಪ್ಪ ತಲೆ ಎತ್ತುವುದು ಹೇಗೆ ಎನ್ನುತ್ತಾರೆ. ದೊಡ್ಡಮ್ಮ ಹಳ್ಳಿಗೇ ಬಾ ಎಂದು ಕರೆಯುತ್ತಿದ್ದಾರೆ. ಅಲ್ಲಿಂದ ದೊಡ್ಡ ಆಸ್ಪತ್ರೆ ದೂರ, ರಾತ್ರಿ ಬಸ್ಸಿಲ್ಲ.

ನಿಜವಾದ ನೋವು ಯಾವುದೆಂದು ನನಗೆ ಹೇಗೆ ತಿಳಿಯುತ್ತದೆ? ಹೆರಿಗೆ ಕೋಣೆಯೊಳಗೆ ಅತ್ತೆಯನ್ನು ಬಿಡುತ್ತಾರೆಯೇ? ಇಲ್ಲೇ ಉಳಿದರೆ ಅಪ್ಪನಿಗೆ ಏನೆಂದು ಹೇಳಲಿ? ರಾತ್ರಿಯೆಲ್ಲ ಇದೇ ಯೋಚನೆ. ಅವ್ವ ಇದ್ದಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ.

ಹೆರಿಗೆ ಕೋಣೆಯ ಅಕ್ಕ

ತಂಗಿ, ನಾನು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರ ಹೆರಿಗೆ ಕೋಣೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಶುಶ್ರೂಷಕಿ. ನಿಮ್ಮ ಮೊದಲ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ.

ಹುಸಿ ನೋವಿಗೆ ಲೆಕ್ಕವಿರುವುದಿಲ್ಲ. ಒಮ್ಮೆ ಬಂದು ಅರ್ಧ ಗಂಟೆ ಸುಮ್ಮನಿರುತ್ತದೆ. ಮಗ್ಗುಲು ಬದಲಿಸಿದರೆ, ನೀರು ಕುಡಿದು ನಾಲ್ಕು ಹೆಜ್ಜೆ ನಡೆದರೆ ತಗ್ಗಿಹೋಗುತ್ತದೆ. ನಿಜವಾದ ನೋವು ಸಾಮಾನ್ಯವಾಗಿ ಸೊಂಟದಲ್ಲಿ ಹುಟ್ಟಿ ಹೊಟ್ಟೆಯ ಮುಂದಕ್ಕೆ ಸುತ್ತಿಕೊಳ್ಳುತ್ತದೆ. ಹೊಟ್ಟೆ ಕಲ್ಲಿನಂತೆ ಬಿಗಿಯುತ್ತದೆ, ಆಮೇಲೆ ಪೂರ್ತಿ ಸಡಿಲವಾಗುತ್ತದೆ. ನಡೆದರೂ ನಿಲ್ಲುವುದಿಲ್ಲ, ಮಲಗಿದರೂ ನಿಲ್ಲುವುದಿಲ್ಲ. ಹೊತ್ತು ಕಳೆದಂತೆ ಹತ್ತಿರ ಹತ್ತಿರವಾಗುತ್ತದೆ. ಗಡಿಯಾರ ನೋಡಿ ಬರೆದುಕೊಳ್ಳಿ. ಐದು ನಿಮಿಷಕ್ಕೊಮ್ಮೆ ನೋವು, ಒಂದೊಂದೂ ಸುಮಾರು ಒಂದು ನಿಮಿಷ, ಹೀಗೆ ಒಂದು ಗಂಟೆ ನಡೆದರೆ ಹೊರಡಿ. ಊರೊಳಗೇ ಇರುವ ನಿಮಗೆ ಈ ಲೆಕ್ಕ ಸಾಕು. ಹಳ್ಳಿಯಲ್ಲಿದ್ದಿದ್ದರೆ ಇಷ್ಟು ಕಾಯಬೇಡಿ ಎನ್ನುತ್ತಿದ್ದೆ.

ಕೆಲವಕ್ಕೆ ಗಡಿಯಾರ ನೋಡಲೇಬಾರದು. ನೀರು ಒಡೆದರೆ ನೋವಿಲ್ಲದಿದ್ದರೂ ಹೊರಡಬೇಕು. ಆ ನೀರು ಹಸಿರಾಗಿಯೋ ಕಂದಾಗಿಯೋ ಇದ್ದರೆ ಮಗು ಒಳಗೇ ಮಲ ವಿಸರ್ಜಿಸಿದೆ ಎಂದರ್ಥ, ಒಂದು ನಿಮಿಷವೂ ತಡ ಮಾಡಬಾರದು. ಸ್ವಲ್ಪ ರಕ್ತ ಬೆರೆತ ಲೋಳೆ ಹೋಗುವುದು ಸಹಜ, ಹೆರಿಗೆ ಹತ್ತಿರವಾಗಿದೆ ಎಂಬ ಸೂಚನೆ. ಆದರೆ ಮುಟ್ಟಿನಂತೆ ರಕ್ತ ಹರಿದರೆ, ಮಗುವಿನ ಅಲುಗಾಟ ಕಡಿಮೆಯಾದರೆ, ತಲೆ ಸಿಡಿಯುವಂತೆ ನೋಯ್ದು ಕಣ್ಣು ಮಂಜಾದರೆ ನೇರ ಆಸ್ಪತ್ರೆ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಚೊಚ್ಚಲ ಹೆರಿಗೆ ನಿಧಾನ ಎಂಬುದನ್ನು ಮನೆಯವರೆಲ್ಲರಿಗೂ ಈಗಲೇ ಹೇಳಿಡಿ. ಗರ್ಭಕೋಶದ ಬಾಯಿ ಐದು ಸೆಂಟಿಮೀಟರ್ ತೆರೆದ ಮೇಲಷ್ಟೇ ಹೆರಿಗೆ ಚುರುಕಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಅಲ್ಲಿಂದಾಚೆಗೂ ಚೊಚ್ಚಲಿಗೆ ಹನ್ನೆರಡು ಗಂಟೆಯವರೆಗೆ ಹಿಡಿಯಬಹುದು. ಎರಡು ಸೆಂಟಿಮೀಟರ್ ಇದ್ದಾಗ ಹೊರಗೆ ಕುಳಿತ ಹತ್ತು ಜನ "ಇನ್ನೂ ಆಗಲಿಲ್ಲವೇ" ಎಂದು ಕೇಳತೊಡಗಿದರೆ ಒಳಗಿನ ಹುಡುಗಿಗೆ ತನ್ನಲ್ಲೇ ಏನೋ ದೋಷವಿದೆ ಅನ್ನಿಸಿಬಿಡುತ್ತದೆ. ಈ ಒಂದು ಪ್ರಶ್ನೆಯಿಂದ ಎಷ್ಟು ಮಕ್ಕಳು ಕಣ್ಣೀರು ಹಾಕಿದ್ದಾರೆಂದು ನಾನು ನೋಡಿದ್ದೇನೆ.

ಅತ್ತೆಯ ವಿಷಯ: ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿಗೆ ಒಬ್ಬ ಸಂಗಾತಿಯನ್ನು ಒಳಗೆ ಬಿಡಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಒಪ್ಪಿದೆ. ಹೆರಿಗೆ ಕಂಡ ಹೆಣ್ಣುಮಗಳಾಗಿರಬೇಕು, ಸೋಂಕಿನ ಕಾಯಿಲೆ ಇರಬಾರದು, ಚಿಕಿತ್ಸೆಯಲ್ಲಿ ಕೈ ಹಾಕಬಾರದು. ಎಲ್ಲ ಕಡೆಯೂ ಇದನ್ನು ಒಂದೇ ರೀತಿ ಪಾಲಿಸುವುದಿಲ್ಲ, ಜಾಗ ಇಕ್ಕಟ್ಟಾಗಿರುವ ಕಡೆ ಬೇಡ ಎನ್ನುತ್ತಾರೆ. ಆದ್ದರಿಂದ ಮುಂದಿನ ತಪಾಸಣೆಗೆ ಹೋದಾಗಲೇ ವೈದ್ಯರ ಬಳಿ ಕೇಳಿ. ಅತ್ತೆಯನ್ನೂ ಕರೆದುಕೊಂಡು ಹೋಗಿ, ಅವರ ಮುಖ ಅಲ್ಲಿನವರಿಗೆ ಪರಿಚಯವಾಗಲಿ.

ಹರಿಹರದ ಅಜ್ಜಿ

ಮಗಳೇ, ನಿನ್ನ ಮಾತು ಓದಿ ಕಣ್ಣು ತುಂಬಿತು. ಮೊಮ್ಮಗ ಮೊಬೈಲಿನಲ್ಲಿ ಟೈಪ್ ಮಾಡಿಕೊಡುತ್ತಿದ್ದಾನೆ.

ನನ್ನ ಅಜ್ಜಿ ಸೂಲಗಿತ್ತಿ. ತುಂಗಭದ್ರೆಯ ದಂಡೆಯ ನಾಲ್ಕಾರು ಊರಿಗೆ ಅವರೇ. ನಡುರಾತ್ರಿ ಕಂದೀಲು ಹಿಡಿದು ಯಾರು ಬಂದು ಕರೆದರೂ ಜಾತಿ ಕೇಳದೆ ಹೊರಡುತ್ತಿದ್ದರು. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟಾಗ ನನ್ನ ಅಜ್ಜಿಗೇ ಬಂದಷ್ಟು ಸಂತೋಷವಾಯಿತು. ಸಾವಿರಾರು ಹೆರಿಗೆ ಮಾಡಿಸಿ ಒಂದು ಬಿಡಿಗಾಸು ಕೇಳದವರು ಅವರು.

ಬಾಣಂತನ ಯಾರ ಮನೆಯಲ್ಲಾದರೇನು? ನಾನು ನನ್ನ ಇಬ್ಬರು ಸೊಸೆಯರ ಬಾಣಂತನವನ್ನೂ ಮಾಡಿದ್ದೇನೆ. ನಿನ್ನ ಅಪ್ಪನಿಗೆ "ಬೇಡ" ಎನ್ನುವ ಮಾತು ಹೇಳಬೇಡ, ಕೆಲಸ ಹೇಳು. ತೊಟ್ಟಿಲು ಕೇಳು. ಒಣಕೊಬ್ಬರಿ, ಉತ್ತತ್ತಿ, ಅಂಟು ತರಲು ಹೇಳು. ಹೆಣ್ಣಿಲ್ಲದ ಮನೆಯಲ್ಲಿ ಗಂಡಸರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ, ಅದಕ್ಕೇ ಬಾಗಿಲಲ್ಲಿ ನಿಲ್ಲುತ್ತಾರೆ.

ನಿನ್ನ ಅತ್ತೆಗೆ ನೆನಪಿಸು: ಮೊದಲ ವಾರ ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ, ಹುರಿದ ಬೆಳ್ಳುಳ್ಳಿ, ಆಮೇಲೆ ಸಬ್ಬಸಿಗೆ ಸೊಪ್ಪು, ಮೆತ್ತನೆಯ ಜೋಳದ ರೊಟ್ಟಿ, ಅಂಟಿನುಂಡೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ. ನೀರು ಹೆಚ್ಚು ಕುಡಿಯಬಾರದು, ಹೊಟ್ಟೆ ಬರುತ್ತದೆ. ಎರೆದ ಮೇಲೆ ಕೆಂಡಕ್ಕೆ ಸಾಂಬ್ರಾಣಿ ಹಾಕಿ ತಾಯಿಗೂ ಮಗುವಿಗೂ ಹೊಗೆ ಕೊಡಬೇಕು. ಮಗು ಹುಟ್ಟಿದ ಕೂಡಲೇ ನಾಲಿಗೆಗೆ ಜೇನು ಮುಟ್ಟಿಸಬೇಕು, ಮಾತು ಸಿಹಿಯಾಗುತ್ತದೆ.

ಹೆರಿಗೆ ಕೋಣೆಯ ಅಕ್ಕ

ಅಮ್ಮ, ನಿಮ್ಮ ಅಜ್ಜಿಯಂಥವರ ಕೈಯಲ್ಲಿ ಹುಟ್ಟಿದವಳೇ ನಾನೂ. ತೊಟ್ಟಿಲಿನ ಮಾತು ನನಗೆ ಹೊಳೆದೇ ಇರಲಿಲ್ಲ. ಸೂಲಗಿತ್ತಿಯರು ನೋವು ತಿನ್ನುವವಳ ಪಕ್ಕದಿಂದ ಏಳುತ್ತಿರಲಿಲ್ಲ. ಇಪ್ಪತ್ತು ಹಾಸಿಗೆಗೆ ಇಬ್ಬರಿರುವ ನಮಗೆ ಅದು ಸಾಧ್ಯವಾಗುವುದಿಲ್ಲ, ಅದಕ್ಕೇ ಮನೆಯವರು ಒಬ್ಬರು ಬೇಕು ಎನ್ನುವುದು. ರಕ್ತದೊತ್ತಡ, ಮಾಸು ಬಿದ್ದ ಮೇಲಿನ ರಕ್ತಸ್ರಾವ ಇವು ಬರೀ ಕೈಗೆ ನಿಲುಕುವುದಿಲ್ಲ, ಅದಕ್ಕೇ ಆಸ್ಪತ್ರೆ ಬೇಕು.

ಊಟದ ಪಟ್ಟಿ ಒಪ್ಪಿದೆ. ಮೂರು ಮಾತು ಮಾತ್ರ ಒಪ್ಪಲಾರೆ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ.

ಜೇನು ಬೇಡವೇ ಬೇಡ. ಒಂದು ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಜೇನಿನೊಳಗಿನ ಒಂದು ಬಗೆಯ ರೋಗಾಣು ಬೆಳೆದು ನರಗಳನ್ನು ಸೋಲಿಸುವ ವಿಷ ಹುಟ್ಟಿಸಬಹುದು. ಸಕ್ಕರೆ ನೀರು, ಹಸುವಿನ ಹಾಲು ಕೂಡ ಬೇಡ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಬೇಕು. ಮೊದಲ ದಿನಗಳ ಹಳದಿ ಗಿಣ್ಣು ಹಾಲನ್ನು ಹಿಂಡಿ ಚೆಲ್ಲುವವರನ್ನು ಈಗಲೂ ಕಾಣುತ್ತೇನೆ, ಹೊಟ್ಟೆ ಉರಿಯುತ್ತದೆ. ಅಷ್ಟೇ ಅಷ್ಟು ಬರುತ್ತದೆ, ಮಗುವಿನ ಹೊಟ್ಟೆಗೂ ಅಷ್ಟೇ ಸಾಕು. ರೋಗ ತಡೆಯುವ ಶಕ್ತಿಯೆಲ್ಲ ಅದರಲ್ಲಿದೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ.

ಆದರೆ ತಾಯಿಗೆ ನೀರು ಬೇಕು. ಹಾಲು ಎಲ್ಲಿಂದ ಬರಬೇಕು, ಅಮ್ಮ? ಬಿಸಿ ನೀರನ್ನೇ ಕೊಡಿ, ಬಾಯಾರಿದಷ್ಟು ಕೊಡಿ. ನೀರು ಬಿಟ್ಟರೆ ಮಲಬದ್ಧತೆ, ಉರಿಮೂತ್ರ. ಹೊಲಿಗೆ ಹಾಕಿದ ಜಾಗಕ್ಕೆ ಅದು ದೊಡ್ಡ ಹಿಂಸೆ.

ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕಿದರೆ ಮಗುವಿನ ಎಳೆಯ ಶ್ವಾಸಕೋಶ ತಾಳುವುದಿಲ್ಲ. ಇದು ದಾವಣಗೆರೆಯ ಬೇಸಿಗೆ ಬೇರೆ. ಮಗುವನ್ನು ಬೆಚ್ಚಗಿಡಲು ತಾಯಿಯ ಎದೆಯ ಮೇಲೆ ಬರಿಮೈಯಲ್ಲಿ ಮಲಗಿಸಿ ಮೇಲೊಂದು ಬಟ್ಟೆ ಹೊದಿಸುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮೊದಲ ಇಪ್ಪತ್ತನಾಲ್ಕು ಗಂಟೆ ಸ್ನಾನ ಬೇಡ.

ಹರಿಹರದ ಅಜ್ಜಿ

ನೀರಿನ ಮಾತು ಒಪ್ಪಿದೆ, ನನ್ನ ದೊಡ್ಡ ಸೊಸೆಯೂ ಇದನ್ನೇ ಹೇಳಿ ಅತ್ತಿದ್ದಳು. ಆಗ ನಾನು ಕೇಳಲಿಲ್ಲ. ಜೇನೂ ಬಿಟ್ಟೆ. ಸಾಂಬ್ರಾಣಿಯನ್ನು ಮಗುವಿಲ್ಲದ ಹೊತ್ತಿನಲ್ಲಿ ಕೋಣೆಗೆ ಹಾಕಿ ಬಾಗಿಲು ತೆರೆದಿಡಬಹುದಲ್ಲವೇ? ಆ ವಾಸನೆ ಇಲ್ಲದಿದ್ದರೆ ಬಾಣಂತಿ ಮನೆ ಅನ್ನಿಸುವುದಿಲ್ಲ.

ಹೆರಿಗೆ ಕೋಣೆಯ ಅಕ್ಕ

ಹಾಗೆ ಮಾಡಿ ಅಮ್ಮ. ಹೊಗೆ ಪೂರ್ತಿ ಹೋದ ಮೇಲೆ ಮಗುವನ್ನು ಒಳಗೆ ತನ್ನಿ.

ಭರಮಸಾಗರದ ಅಪ್ಪ

ನನ್ನ ಮಗಳಿಗೆ ಈಗ ಎಂಟು ತಿಂಗಳು. ನಮ್ಮೂರು ದುರ್ಗಕ್ಕೂ ದಾವಣಗೆರೆಗೂ ನಡುವೆ ಹೆದ್ದಾರಿಯ ಮೇಲೇ ಇರುವುದರಿಂದ ಯಾವ ಕಡೆ ಹೋಗಬೇಕು ಎಂಬುದೇ ಕೊನೆಯ ದಿನದವರೆಗೂ ಮನೆಯಲ್ಲಿ ಚರ್ಚೆಯಾಗಿತ್ತು. ಇದನ್ನು ಮೊದಲೇ ತೀರ್ಮಾನಿಸಿ ಎಂದು ಎಲ್ಲ ಗಂಡಂದಿರಿಗೂ ಕೈಮುಗಿದು ಹೇಳುತ್ತೇನೆ. ನಡುರಾತ್ರಿ ಎರಡು ಗಂಟೆಗೆ ಹೆಂಡತಿ ಗೋಡೆ ಹಿಡಿದು ನಿಂತಿರುವಾಗ ಮಾಡುವ ಚರ್ಚೆ ಅದಲ್ಲ.

ಒಂದು ಚೀಲದಲ್ಲಿ ತಾಯಿ ಕಾರ್ಡ್, ಆಧಾರ್, ಸ್ಕ್ಯಾನ್ ವರದಿಗಳು, ರಕ್ತದ ಗುಂಪಿನ ಚೀಟಿ. ಇನ್ನೊಂದರಲ್ಲಿ ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಹತ್ತಿ ಸೀರೆಯ ತುಂಡುಗಳು, ಮುಂದೆ ಗುಂಡಿಯಿರುವ ನೈಟಿ, ಪ್ಯಾಡು, ಮಗುವಿಗೆ ಟೋಪಿ ಕಾಲುಚೀಲ. ಹೆಂಡತಿಯದೇ ಗುಂಪಿನ ರಕ್ತದವರಿಬ್ಬರನ್ನು ಕೇಳಿ ಅವರ ನಂಬರ್ ಬರೆದಿಟ್ಟುಕೊಂಡಿದ್ದೆ. ಬೇಕಾಗಲಿಲ್ಲ, ಆದರೂ ಆ ಚೀಟಿ ಜೇಬಿನಲ್ಲಿದ್ದದ್ದೇ ನನಗೆ ಧೈರ್ಯ.

ನನ್ನ ಅತ್ತೆಯವರು ಒಳಗೆ ಇದ್ದರು, ನಾನು ಹನ್ನೊಂದು ಗಂಟೆ ಹೊರಗೆ. ಬರುವ ಕರೆಗಳಿಗೆಲ್ಲ ನಾನೇ ಉತ್ತರಿಸಿದೆ. ಹೆಂಡತಿಯ ಮೊಬೈಲನ್ನೂ ನನ್ನ ಬಳಿಯೇ ಇಟ್ಟುಕೊಂಡೆ. ಒಳಗಿರುವವರಿಗೆ ಎರಡು ಗಂಟೆಗೊಮ್ಮೆ ಚಹಾ, ಎಳನೀರು ಕೊಟ್ಟು ಬರುತ್ತಿದ್ದೆ. ಅವಳಿಗೆ ಬೇಕಾದದ್ದು ಅಷ್ಟೇ ಎಂದು ಆಮೇಲೆ ಹೇಳಿದಳು. ಸರ್ಕಾರಿ ಆಸ್ಪತ್ರೆಯಾದ್ದರಿಂದ ಹೆರಿಗೆಗೂ ಔಷಧಿಗೂ ಹಣ ಕಟ್ಟಲಿಲ್ಲ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸಿಸೇರಿಯನ್ನು, ರಕ್ತ, ತಾಯಿಯ ಊಟ, ಮನೆಗೆ ಬಿಡುವ ವಾಹನ ಎಲ್ಲವೂ ಉಚಿತ. ನಮ್ಮನ್ನು ಮನೆಗೆ ತಂದು ಬಿಟ್ಟದ್ದು "ನಗು ಮಗು" ವಾಹನ. ಮೊದಲ ಮಗುವಿಗೆ ಮಾತೃ ವಂದನಾ ಯೋಜನೆಯ ಐದು ಸಾವಿರ ರೂಪಾಯಿ ಇದೆ, ಅಂಗನವಾಡಿಯಲ್ಲಿ ಹೆಸರು ಬರೆಸಿದ್ದೀರಿ ತಾನೇ?

ದುರ್ಗದ ಸೊಸೆ

ಸಿಸೇರಿಯನ್ ಆದರೆ ಹೆರಿಗೆಯೇ ಅಲ್ಲ ಎನ್ನುವಂತೆ ಮಾತಾಡುವವರು ಸಿಗುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ನನಗೆ ಹದಿನಾರು ಗಂಟೆ ನೋವಾದ ಮೇಲೆ ಮಗುವಿನ ಎದೆಬಡಿತ ಇಳಿಯಿತು, ಕೊಯ್ದು ತೆಗೆದರು. "ಸುಖ ಪ್ರಸವವಾಗಲಿಲ್ಲವಂತೆ" ಎಂದು ಒಬ್ಬರು ಮರುಕಪಟ್ಟಾಗ ನನ್ನ ಮಾವ, ಎಂದೂ ಹೆಂಗಸರ ಮಾತಿನ ನಡುವೆ ಬಾರದವರು, "ಇಬ್ಬರೂ ಮನೆಗೆ ಬಂದಿದ್ದಾರೆ, ಅದಕ್ಕಿಂತ ಸುಖ ಯಾವುದು?" ಎಂದರು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಚಳ್ಳಕೆರೆ ಹಟ್ಟಿಯವಳು

ಬರೆಯಲೋ ಬೇಡವೋ ಎಂದು ಮೂರು ದಿನ ಯೋಚಿಸಿದೆ.

ನಮ್ಮದು ಗೊಲ್ಲರಹಟ್ಟಿ. ಬಾಣಂತಿಗೆ ಸೂತಕ ಎಂದು ಹಟ್ಟಿಯ ಹೊರಗೆ ಗುಡಿಸಲು ಹಾಕಿ ತಾಯಿ ಮಗುವನ್ನು ಇಡುವ ಪದ್ಧತಿ ನಮ್ಮಲ್ಲಿ ಇದೆ. ಮಳೆ, ಚಳಿ, ಹಾವು ಚೇಳು ಯಾವುದಕ್ಕೂ ಅಲ್ಲಿ ಅಡ್ಡವಿಲ್ಲ. ದೇವರಿಗೆ ಮೈಲಿಗೆಯಾಗುತ್ತದೆ ಎಂಬ ಭಯ ಹಿರಿಯರದು; ಅವರು ಕೆಟ್ಟವರಲ್ಲ, ಭಯಪಟ್ಟವರು. ನನ್ನ ಅತ್ತೆ ತಮ್ಮ ಮೊದಲ ಮಗುವನ್ನು ಅಂಥ ಗುಡಿಸಲಿನಲ್ಲೇ ಕಳೆದುಕೊಂಡವರು. ಅದನ್ನು ಅವರು ನನಗೆ ಎಂದೂ ಹೇಳಿರಲಿಲ್ಲ.

ಆಸ್ಪತ್ರೆಯಿಂದ ನಾನು ಮಗನೊಂದಿಗೆ ಬಂದ ಸಂಜೆ ಗುಡಿಸಲು ಸಿದ್ಧವಾಗಿತ್ತು. ಅತ್ತೆ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು, ಎಲ್ಲರೂ ನೋಡುತ್ತಿದ್ದಂತೆ, ಮನೆಯ ಹೊಸ್ತಿಲು ದಾಟಿ ಒಳಗೆ ಹೋದರು. "ದೇವರು ಕೇಳಿದರೆ ನಾನು ಉತ್ತರ ಕೊಡುತ್ತೇನೆ" ಎಂದರು. ಎರಡು ತಿಂಗಳು ನಮ್ಮ ಮನೆಯಲ್ಲಿ ಕೆಲವರು ನೀರು ಕುಡಿಯಲಿಲ್ಲ. ಆಶಾ ಕಾರ್ಯಕರ್ತೆ ಮಾತ್ರ ದಿನ ಬಿಟ್ಟು ದಿನ ಬಂದು ಮಗುವಿನ ತೂಕ ನೋಡುತ್ತಿದ್ದರು. ಮರುವರ್ಷ ನಮ್ಮ ಪಕ್ಕದ ಮನೆಯವರೂ ಸೊಸೆಯನ್ನು ಒಳಗೇ ಇಟ್ಟುಕೊಂಡರು.

ಜಗಳೂರಿನ ತಂಗಿ, ಅತ್ತೆ ತಾವಾಗಿ "ನಾನು ಮಾಡುತ್ತೇನೆ" ಎಂದಿದ್ದಾರೆ. ಆ ಮಾತಿನ ಹಿಂದೆ ಏನಿದೆಯೋ ನಮಗೆ ತಿಳಿಯದು. ಬಿಡಬೇಡಿ.

ಜಗಳೂರಿನ ಮಗಳು

ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಹಟ್ಟಿಯ ಅಕ್ಕನ ಮಾತು ಬಂದಾಗ ಎದ್ದು ಅಡುಗೆಮನೆಗೆ ಹೋದವರು ಬಹಳ ಹೊತ್ತು ಬರಲಿಲ್ಲ.

ನಿನ್ನೆ ತಪಾಸಣೆಗೆ ಇಬ್ಬರೂ ಹೋಗಿದ್ದೆವು. ಅತ್ತೆಯನ್ನು ಒಳಗೆ ಬಿಡುತ್ತಾರಂತೆ. ಅಪ್ಪನಿಗೆ ಕರೆ ಮಾಡಿ ತೊಟ್ಟಿಲು ಕೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಅಟ್ಟದ ಮೇಲಿದೆ, ನೀನು ಮಲಗಿದ್ದದ್ದೇ. ಒಂದು ಕಾಲು ಸಡಿಲವಾಗಿದೆ, ಬಡಗಿಗೆ ತೋರಿಸುತ್ತೇನೆ" ಎಂದರು. ಈಗ ದಿನಕ್ಕೆ ಎರಡು ಸಲ ಕರೆ ಮಾಡುತ್ತಿದ್ದಾರೆ. ಬಣ್ಣ ಹಚ್ಚಿಸಲೇ ಎಂದು ಕೇಳಿದರು, ಮಗು ಬಾಯಿ ಹಾಕುತ್ತದೆ ಬೇಡ ಎಂದೆ.

ಜಗಳೂರಿನ ಮಗಳು

ರಾತ್ರಿ ಹನ್ನೊಂದರಿಂದ ನೋವು ಬರುತ್ತಿದೆ. ಹದಿನೈದು ನಿಮಿಷಕ್ಕೊಮ್ಮೆ. ನಡೆದರೂ ಹೋಗುತ್ತಿಲ್ಲ. ಅತ್ತೆ ಗಡಿಯಾರದ ಮುಂದೆ ಕುಳಿತಿದ್ದಾರೆ.

ಹೆರಿಗೆ ಕೋಣೆಯ ಅಕ್ಕ

ಹಗುರವಾಗಿ ಏನಾದರೂ ತಿನ್ನಿ, ನೀರು ಕುಡಿಯಿರಿ, ಮೂತ್ರ ತಡೆಯಬೇಡಿ. ನೋವಿನ ನಡುವೆ ಎಡ ಮಗ್ಗುಲಾಗಿ ಕಣ್ಣು ಮುಚ್ಚಿ. ನಾನು ಈ ರಾತ್ರಿ ಪಾಳಿಯಲ್ಲಿದ್ದೇನೆ, ಬಿಡುವಾದಾಗ ಇಲ್ಲಿ ನೋಡುತ್ತೇನೆ. ಆದರೆ ಸಂದೇಹ ಬಂದರೆ ನನ್ನ ಉತ್ತರಕ್ಕೆ ಕಾಯಬೇಡಿ, ಹೊರಡಿ.

ಹರಿಹರದ ಅಜ್ಜಿ

ದುಗ್ಗಮ್ಮನಿಗೆ ದೀಪ ಹಚ್ಚಿದ್ದೇನೆ, ಮಗಳೇ.

ಜಗಳೂರಿನ ಮಗಳು

ಐದು ದಿನವಾಯಿತು, ಈಗ ಬರೆಯುವಷ್ಟು ಬಿಡುವಾಯಿತು. ಹೆಣ್ಣು ಮಗು. ಎರಡು ಕಿಲೋ ಒಂಬೈನೂರು ಗ್ರಾಂ. ಇಬ್ಬರೂ ಚೆನ್ನಾಗಿದ್ದೇವೆ.

ಬೆಳಗಿನ ಜಾವ ನಾಲ್ಕೂವರೆಗೆ ನೋವು ಐದು ನಿಮಿಷಕ್ಕೆ ಬಂತು. ಆಟೋದಲ್ಲಿ ಹೊರಟೆವು, ಆ ಹೊತ್ತಿನ ದಾವಣಗೆರೆಯ ಬೀದಿ ಅಷ್ಟು ನಿಶ್ಶಬ್ದವಾಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಆಸ್ಪತ್ರೆಯಲ್ಲಿ ನೋಡಿ ಮೂರು ಸೆಂಟಿಮೀಟರ್ ಎಂದರು. ಇಷ್ಟು ನೋವಿಗೆ ಬರೀ ಮೂರೇ ಎಂದು ಎದೆ ಕುಸಿಯಿತು. ಆಗ ಇಲ್ಲಿ ಓದಿದ್ದು ನೆನಪಾಯಿತು, ಇದು ನಿಧಾನದ ಕೆಲಸ.

ಅತ್ತೆ ಒಮ್ಮೆಯೂ "ಆಯಿತೇ" ಎಂದು ಕೇಳಲಿಲ್ಲ. ನನ್ನ ಸೊಂಟದ ಮೇಲೆ ಅಂಗೈಯೂರಿ ಒತ್ತುತ್ತ, ನೋವು ಏಳುವಾಗ ಎಣಿಸಲು ತೊಡಗಿದರು. ಭಟ್ಟಿಯಲ್ಲಿ ಮಂಡಕ್ಕಿ ಅಳೆಯುವಾಗ ಎಣಿಸುವಂತೆಯೇ: "ಲಾಭ, ಎರಡು, ಮೂರು, ನಾಲ್ಕು..." ಒಂದು ಎನ್ನದೆ ಲಾಭ ಎನ್ನುವುದು ಅವರಿಗೆ ಬಾಯಿರೂಢಿ. ಮೂವತ್ತಕ್ಕೆ ಬರುವ ಹೊತ್ತಿಗೆ ನೋವು ತುದಿ ಮುಟ್ಟುತ್ತಿತ್ತು, ಅರವತ್ತಕ್ಕೆ ಇಳಿಯುತ್ತಿತ್ತು. ನನಗೆ ನೋವಿಗೊಂದು ಕೊನೆಯಿದೆ ಎಂದು ತಿಳಿದದ್ದು ಆ ಎಣಿಕೆಯಿಂದ. ಪಕ್ಕದ ಹಾಸಿಗೆಯ ಹುಡುಗಿಯೂ ಅವರ ಎಣಿಕೆಗೆ ಉಸಿರು ಬಿಡತೊಡಗಿದಳು. ಅವಳ ಜೊತೆ ಯಾರೂ ಇರಲಿಲ್ಲ. ಅತ್ತೆಯ ಇನ್ನೊಂದು ಕೈ ಅವಳ ಕೈಯಲ್ಲಿತ್ತು.

ಮಧ್ಯಾಹ್ನ ಒಂದರ ಸುಮಾರಿಗೆ ಎಲ್ಲವೂ ಕೈಮೀರಿತು ಅನ್ನಿಸಿತು. ಅವ್ವಾ ಎಂದು ಕೂಗಿದೆ. ಅತ್ತೆ "ಇದ್ದೇನೆ, ಇಲ್ಲೇ ಇದ್ದೇನೆ" ಎಂದರು. ಅವರು ಯಾರ ಪರವಾಗಿ ಹಾಗೆ ಹೇಳಿದರೋ ನನಗೆ ತಿಳಿಯದು, ಕೇಳುವುದೂ ಇಲ್ಲ. ಎರಡೂಕಾಲಿಗೆ ಮಗು ಅತ್ತಿತು. ಹೊಕ್ಕುಳ ಬಳ್ಳಿ ಕತ್ತರಿಸುವ ಮೊದಲೇ ನನ್ನ ಎದೆಯ ಮೇಲೆ ಹಾಕಿದರು. ಅರ್ಧ ಗಂಟೆಯಲ್ಲಿ ತಾನಾಗಿ ಬಾಯಿ ಹಚ್ಚಿತು.

ಸಂಜೆ ಅಪ್ಪ ಬಂದರು. ಮತ್ತೆ ಬಾಗಿಲಲ್ಲೇ ನಿಂತರು. ಅತ್ತೆ "ಬೀಗರೇ, ಒಳಗೆ ಬನ್ನಿ, ಕೈ ತೊಳೆದುಕೊಳ್ಳಿ" ಎಂದು ಮಗುವನ್ನು ಅವರ ಕೈಗೇ ಇಟ್ಟರು. ಅಪ್ಪ ಅತ್ತರು. ಈ ಸಲ ನಾನೂ ಅತ್ತೆ.

ಅಕ್ಕಾ, ಒಂದು ಪ್ರಶ್ನೆ. ಮಗುವಿನ ಮುಖ ಮೂರನೆಯ ದಿನದಿಂದ ಸ್ವಲ್ಪ ಹಳದಿಯಾಗಿ ಕಾಣುತ್ತಿದೆ. ಚೆನ್ನಾಗಿ ಹಾಲು ಕುಡಿಯುತ್ತದೆ, ದಿನಕ್ಕೆ ಏಳೆಂಟು ಸಲ ಮೂತ್ರ ಮಾಡುತ್ತದೆ.

ಹೆರಿಗೆ ಕೋಣೆಯ ಅಕ್ಕ

ನನ್ನ ಪಾಳಿಯಲ್ಲಿ ಹುಟ್ಟಿದಷ್ಟೇ ಸಂತೋಷ, ತಂಗಿ. ಎರಡು ಮೂರನೆಯ ದಿನ ಕಾಣಿಸಿಕೊಂಡು ಮುಖದಲ್ಲಷ್ಟೇ ಇರುವ ಹಳದಿ ಬಹಳ ಮಕ್ಕಳಿಗೆ ಬರುತ್ತದೆ, ಹಾಲು ಕುಡಿದಂತೆ ಇಳಿಯುತ್ತದೆ. ಆದರೆ ಕಣ್ಣಿಂದ ನೋಡಿ ಅಳೆಯಲಾಗದು, ನಾಳೆಯೇ ಮಕ್ಕಳ ವೈದ್ಯರಿಗೆ ತೋರಿಸಿ. ಅಂಗೈ ಅಂಗಾಲಿಗೆ ಹಳದಿ ಇಳಿದರೆ, ಹಾಲಿಗೂ ಏಳದಷ್ಟು ಮಂಪರಾದರೆ ನಾಳೆಗೆ ಕಾಯದೆ ಇಂದೇ ಹೋಗಿ. ನಿಮಗೂ ಹೇಳುತ್ತೇನೆ: ಜ್ವರ, ದುರ್ವಾಸನೆಯ ಸ್ರಾವ, ಗಂಟೆಗೊಂದು ಪ್ಯಾಡು ತೊಯ್ಯುವಷ್ಟು ರಕ್ತ ಇದ್ದರೆ ಮರುಮಾತಿಲ್ಲದೆ ಆಸ್ಪತ್ರೆ. ಪಕ್ಕದ ಹಾಸಿಗೆಯ ಹುಡುಗಿಗೆ ಏನಾಯಿತು?

ಜಗಳೂರಿನ ಮಗಳು

ಅವಳಿಗೆ ಗಂಡು ಮಗು, ಸಂಜೆ ಆರಕ್ಕೆ. ಅಲ್ಲಿಯವರೆಗೂ ಅತ್ತೆ ಅವಳ ಬಳಿಯೇ ಇದ್ದರು. ಅವಳ ತಾಯಿ ಹೊನ್ನಾಳಿಯಿಂದ ಬಂದು ತಲುಪಿದ ಮೇಲೆಯೇ ನನ್ನ ಬಳಿಗೆ ಬಂದದ್ದು.

ನಾಳೆ ಬೆಳಿಗ್ಗೆ ವೈದ್ಯರ ಬಳಿ ಹೋಗುತ್ತೇವೆ. ಈಗ ಅತ್ತೆ ಬಿಸಿ ನೀರಿನ ಚೊಂಬು ತಂದಿಟ್ಟು, ಪೂರ್ತಿ ಕುಡಿಯುವವರೆಗೆ ನಿಂತಿರುತ್ತಾರೆ. ಕೊಬ್ಬರಿ, ಉತ್ತತ್ತಿ ಎಲ್ಲ ಮೊನ್ನೆಯೇ ಬಂತು. ತೊಟ್ಟಿಲಿನ ಕಾಲು ಗಟ್ಟಿಯಾಗಿದೆ, ಬಸ್ಸಿನ ಮೇಲೆ ಹಗ್ಗ ಬಿಗಿದು ಕಟ್ಟಿಸಿದ್ದೇನೆ, ಜಗಳೂರು ಬಿಟ್ಟೆ ಎಂದು ಅಪ್ಪ ಈಗಷ್ಟೇ ಕರೆ ಮಾಡಿದರು.